ಪ್ರೆಸ್ಸಿನಡಿ ಒಡೆದ ಬೂದುಗುಂಬಳ ಮತ್ತು ತಪ್ಪಿದ ಒಂದು ಎಣಿಕೆ

ನೀವು ಕುರ್ಚಿಯಲ್ಲಿ ಕೂತು ಮಾಡಿದ ಕೆಲಸ ಯಾರದ್ದೋ ಎಲುಬು ಮುರಿದದ್ದು ಉಂಟಾ? ಮಾತಿಗೆ ಕೇಳುತ್ತಿಲ್ಲ, ನಿಜವಾದ ಎಲುಬು. ನೀವೇ ಮಾಡಿದ್ದಲ್ಲ, ನಿಮ್ಮ ತಂಡದವರು ಯಾರೋ ಮಾಡಿದ್ದು ಅಂತಲೇ ಇಟ್ಟುಕೊಳ್ಳಿ. ಆಗ ನೀವೇನು ಮಾಡಿದಿರಿ? ಮೀಟಿಂಗ್ ಕರೆದಿರಾ?

ನನಗೆ ಆಗಿದೆ, ಇಲ್ಲೇ ಪುಣೆಯಲ್ಲಿ. ಊಟ ಮಾಡುತ್ತಾ ಓದುವವರು ಊಟ ಮುಗಿಸಿ ಬನ್ನಿ.

ನಾನು ಕರ್ನಲ್ ಕೆಲಸದವಳು. ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗಿನ ಭಾಗ ಅದು. ಅಲ್ಲಿ ತಪ್ಪಾದರೆ ಸ್ಕ್ರೀನ್ ಸ್ತಬ್ಧವಾಗುತ್ತದೆ, ಯಾರೋ ಬೈಯುತ್ತಾರೆ, ನಾವು ಚಹಾ ಕುಡಿದು ಸರಿ ಮಾಡುತ್ತೇವೆ. ರಕ್ತ ಬರುವುದಿಲ್ಲ ಅಂತ ತಲೆಗೂದಲು ನೆರೆಯುವವರೆಗೂ ನಂಬಿಕೊಂಡಿದ್ದೆ.

ಒಂದು ಬೆಳಿಗ್ಗೆ ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದು ಫೋನ್ ಮುಂದೆ ಹಿಡಿದರು. ಕಾತ್ರಜ್ ಆಚೆಯ ಒಂದು ಶೆಡ್ಡಿನ ಸಿಸಿಟಿವಿ ವಿಡಿಯೋ. ತಗಡು ಒತ್ತುವ ದೊಡ್ಡ ಪ್ರೆಸ್: ಕೆಳಗೆ ಕಬ್ಬಿಣದ ಹಾಸು, ಮೇಲಿಂದ ಇಳಿಯುವ ಭಾರೀ ಅಚ್ಚು. ಕೆಲಸಗಾರನೊಬ್ಬ ತಗಡಿನ ತುಂಡನ್ನು ಹಾಸಿನ ಮೇಲಿಟ್ಟು ಅಂಗೈಯಿಂದ ಸರಿ ಮಾಡುತ್ತಾನೆ. ಅಚ್ಚು ಇಳಿಯುತ್ತದೆ. ದನಿಯಿಲ್ಲದ ವಿಡಿಯೋ. ಅಚ್ಚು ಮೇಲೆದ್ದಾಗ ಅವನ ತೋಳು ಮಣಿಕಟ್ಟಿನವರೆಗೆ ಮಾತ್ರ ತೋಳಿನ ಹಾಗಿತ್ತು. ಮುಂದಿನದ್ದು ತಗಡಿಗೆ ಅಂಟಿತ್ತು. ಅವನ ಬಾಯಿ ತೆರೆದೇ ಇತ್ತು.

ಹಾಗೆ ಆಗಬಾರದಿತ್ತು. ಪ್ರೆಸ್ಸಿನ ಎದುರು ಎರಡು ಕಂಬಗಳಿರುತ್ತವೆ. ಅವುಗಳ ನಡುವೆ ಕಣ್ಣಿಗೆ ಕಾಣದ ಕಿರಣಗಳ ಪರದೆ. ಕೈ ಒಳಗಿದ್ದರೆ ಕಿರಣ ತುಂಡಾಗುತ್ತದೆ, ಅಚ್ಚು ಇಳಿಯುವುದಿಲ್ಲ. ಕೈ ಹೊರಗೆ ಬಂದ ಮೇಲೆ ತಾನಾಗಿ ಇಳಿಯುತ್ತದೆ. ಆ ಕಿರಣಗಳ ಸುದ್ದಿ ಓದಿ ಪ್ರೆಸ್ಸಿಗೆ ‘ಇಳಿ’, ‘ನಿಲ್ಲು’ ಅನ್ನುವ ಪೆಟ್ಟಿಗೆ ನಮ್ಮ ಕಂಪನಿಯದು.

“ಕೈ ಹೋದವನಲ್ಲ, ಆ ಪ್ರೆಸ್ ನಡೆಸೋ ಆಪರೇಟರ್, ಜೇಜುರಿ ದೇವಸ್ಥಾನದಿಂದ ಭಂಡಾರ ತಂದು ಸೆನ್ಸರ್ ಕಂಬಕ್ಕೆ ಬಳಿದಿದ್ದಾನಂತೆ. ಅರಿಶಿನ ಕಣ್ರೀ, ಅರಿಶಿನ!” ಅಂದರು ಮ್ಯಾನೇಜರ್. “ಸೆನ್ಸರ್ ಬ್ಲೈಂಡ್ ಆಗಿದೆ. ಹೋಗಿ ನೋಡಿ ಒಂದು ರಿಪೋರ್ಟ್ ಕೊಟ್ಬಿಡಿ, ಮುಗೀತು.”

“ಸರ್, ಅರಿಶಿನ ಬಿದ್ರೆ ಕಿರಣ ತಡೆಯುತ್ತೆ. ಕಿರಣ ತಡೆದ್ರೆ ಪ್ರೆಸ್ ನಿಲ್ಬೇಕು. ಇಳಿಯೋದು ಹೇಗೆ?”

“ಅದನ್ನ ಪೊಲೀಸ್ ಚೌಕೀಲಿ ಕೂತು ನೀವು ಪಾಠ ಮಾಡ್ತೀರಾ? ಹೋಗ್ಬನ್ನಿ.”

ನನ್ನ ಮನೆ ಧನಕವಡಿಯಲ್ಲಿ, ಶೆಡ್ ದೂರವಿಲ್ಲ. ಹೋದೆ. ಬಾಗಿಲಲ್ಲೇ ಫೋರ್ಮನ್ ಸಿಕ್ಕರು. ವಿಜಯಪುರದ ಕಡೆಯವರು, ಪುಣೆಯಲ್ಲೇ ಮುದುಕರಾದವರು. ಒಳಗೆ ಎಣ್ಣೆಯ ಡ್ರಮ್ಮಿನ ಮೇಲೆ ಆಪರೇಟರ್ ಕೂತಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಹರಿದಿತ್ತು.

“ಇವರಿಗೂ ಮಷೀನ್ ತಗುಲ್ತಾ?” ಅಂತ ಕೇಳಿದೆ.

“ಮಷೀನ ಅಲ್ರಿ, ಮಂದಿ ಬಡದಾರ,” ಅಂದರು ಫೋರ್ಮನ್. “ಕೈ ಹೋದಾಂವ ಇವನ ಹೇಂತಿ ತಮ್ಮ ಅದಾನ. ಇವನs ಕರ್ಕೊಂಡ ಬಂದು ಕೆಲಸಕ್ಕ ಹಚ್ಚಿದ್ದ. ದವಾಖಾನಿ ಗೇಟಿನಾಗ ಅವರ ದೊಡ್ಡಣ್ಣ ಇವನ್ನ ಕೆಡವಿ ತುಳದಾನ್ರಿ. ಹೇಂತಿ ಮಕ್ಕಳನ್ನ ಕರ್ಕೊಂಡು ತವರಮನಿ ಸೇರ್ಯಾಳ.”

ಆಪರೇಟರ್ ಎದ್ದು ನಿಂತ. “ಭಂಡಾರ ಹಚ್ಚೀನ್ರಿ ಅಕ್ಕಾರ, ಸುಳ್ಳ ಹೇಳಂಗಿಲ್ಲ. ಕಂಬದ ತಲೀಗೆ ಒಂದು ಬೊಟ್ಟು. ಕಿರಣ ಬರೂ ಗಾಜಿಗೆ ಹಚ್ಚಿಲ್ರಿ. ಅರಿಶಿಣದಿಂದ ಆತಂತ ನೀವು ಬರದ್ರ ಕೇಸ್ ನನ್ನ ಮ್ಯಾಲ ಬೀಳ್ತದಂತ ಚೌಕ್ಯಾಗ ಹೇಳ್ಯಾರ. ಕೇಸ್ ಬಿದ್ರ ಬೀಳಲಿ ಬಿಡ್ರಿ. ಆದ್ರ ಅವನ ಕೈ ನಾನs ಅರದೀನಿ ಅಂತ ನನ್ನ ಹೇಂತಿ ನಂಬ್ಯಾಳ.”

ಅವತ್ತು ನನಗೇನೂ ಸಿಗಲಿಲ್ಲ. ಗಾಯಾಳುವನ್ನು ಬಿಡಿಸುವ ಗಡಿಬಿಡಿಯಲ್ಲಿ ಪೆಟ್ಟಿಗೆಯ ಕರೆಂಟ್ ತೆಗೆದು ಮತ್ತೆ ಹಾಕಿದ್ದರು. ಆ ಹೊತ್ತಿನ ನೆನಪೆಲ್ಲ ಅಳಿಸಿಹೋಗಿತ್ತು. ಪ್ರೆಸ್ ಚಾಲೂ ಮಾಡಿಸಿ ಕೋಲನ್ನು ಕಿರಣಕ್ಕೆ ಅಡ್ಡ ಹಿಡಿದೆ. ಪ್ರತಿಸಲವೂ ಅಚ್ಚು ಸಾಧುವಾಗಿ ನಿಂತಿತು.

ಗೊತ್ತಿರುವವರು ಇಲ್ಲೇ ಬೈಯಲು ಶುರು ಮಾಡಿರುತ್ತೀರಿ: ಇಂಥ ಕಡೆ ಸಾಫ್ಟ್‌ವೇರನ್ನು ನಂಬಬಾರದು, ಕಿರಣದ ತಂತಿ ನೇರ ರಿಲೇ ಅನ್ನುವ ಸ್ವಿಚ್ಚಿಗೆ ಹೋಗಿ ಮೋಟರಿನ ಕರೆಂಟನ್ನೇ ಕಡಿಯಬೇಕು ಅಂತ. ಬೈಯಿರಿ. ರಿಲೇ ಇತ್ತು. ಅದು ಎಂದೋ ಸುಟ್ಟು, ಯಾರೋ ಒಂದು ತುಂಡು ತಂತಿ ಸುತ್ತಿ ಕೆಲಸ ಮುಂದುವರಿಸಿದ್ದರು. ನಮ್ಮ ಪೆಟ್ಟಿಗೆ ಇದೆಯಲ್ಲ, ಸಾಕು ಅಂತ.

ಆಫೀಸಿಗೆ ಬಂದು, ಕರ್ನಲ್ ಒಳಗೆ ಆ ಕಿರಣಗಳನ್ನು ನೋಡಿಕೊಳ್ಳುವ ಡ್ರೈವರಿನ ಕೋಡ್ ತೆರೆದೆ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಕಂಬದ ಕೇಬಲ್ಲನ್ನು ಪೆಟ್ಟಿಗೆಗೆ ಚುಚ್ಚಿದಾಗ ಕರ್ನಲ್ ಆ ಕಿರಣದ ಪರದೆಗಾಗಿ ಮೆಮೊರಿಯಲ್ಲಿ ಒಂದು ಜಾಗ ಹಿಡಿಯುತ್ತದೆ. ಕೈ ಇದೆಯೋ ಇಲ್ಲವೋ ಅನ್ನುವ ಸುದ್ದಿ ಅಲ್ಲಿರುತ್ತದೆ. ಅದನ್ನು ಓದುವವರು ಇಬ್ಬರು. ಒಂದು, ಪ್ರೆಸ್ಸನ್ನು ನಿಲ್ಲಿಸುವ ಕಾವಲು ಪ್ರೋಗ್ರಾಂ. ಇನ್ನೊಂದು, ಪೆಟ್ಟಿಗೆಯ ಸ್ಕ್ರೀನಿನ ಮೇಲೆ ಕಿರಣಗಳ ಚಿತ್ರ ತೋರಿಸುವ ಪ್ರೋಗ್ರಾಂ. ಯಾರಾದರೂ ಆ ಜಾಗ ಹಿಡಿದರೆ ಎಣಿಕೆ ಒಂದು ಏರಬೇಕು, ಬಿಟ್ಟರೆ ಒಂದು ಇಳಿಯಬೇಕು. ಸೊನ್ನೆಯಾದರೆ ಮಾತ್ರ ಜಾಗ ಖಾಲಿ ಮಾಡಿ ಬೇರೆಯವರಿಗೆ ಕೊಡಬೇಕು. ರೆಫರೆನ್ಸ್ ಕೌಂಟ್ ಅನ್ನುವುದು ಇಷ್ಟೇ. ಮದುವೆ ಊಟದ ಪಂಕ್ತಿ ನೆನೆಸಿಕೊಳ್ಳಿ. ಕೂತವರೆಲ್ಲ ಎದ್ದ ಮೇಲೆ ಎಲೆ ಎತ್ತುತ್ತಾರೆ. ಎದ್ದವನೊಬ್ಬನನ್ನು ಎರಡು ಸಲ ಎಣಿಸಿದರೆ? ಇನ್ನೂ ಉಣ್ಣುತ್ತಿರುವವನ ಕೈಕೆಳಗಿನ ಎಲೆ ಎತ್ತಿ ಬೇರೆ ಎಲೆ ಹಾಕುತ್ತಾರೆ. ಅವನು ತಲೆ ತಗ್ಗಿಸಿಕೊಂಡು ಇನ್ಯಾರದ್ದೋ ಊಟ ಉಣ್ಣುತ್ತಾನೆ.

ಕೇಬಲ್ ಕಿತ್ತಾಗ ಓಡುವ ಕೋಡಿನಲ್ಲಿ ಎಣಿಕೆಯನ್ನು ಒಂದು ಇಳಿಸಬೇಕು. ನಮ್ಮಲ್ಲಿ ಎರಡು ಇಳಿಸುತ್ತಿದ್ದರು. ಎರಡನೇ ಸಾಲಿನ ಪಕ್ಕ ಟಿಪ್ಪಣಿ ಇತ್ತು: ಸೋರಿಕೆ ನಿಲ್ಲಿಸಲು.

ಈ ರೋಗ ನಮ್ಮ ಧಂದೆಯವರಿಗೆ ಹೆಚ್ಚು ಬರುತ್ತದೆ. ಸ್ಕ್ರೀನಿನ ಪ್ರೋಗ್ರಾಂ ಚಿತ್ರದ ಪುಟ ಮುಚ್ಚಿದಾಗ ‘ಬಿಟ್ಟೆ’ ಅನ್ನುವುದನ್ನು ಮರೆಯುತ್ತಿತ್ತು. ಹಾಗಾಗಿ ಎಣಿಕೆ ಸೊನ್ನೆಗೆ ಬರುತ್ತಿರಲಿಲ್ಲ, ಮೆಮೊರಿ ಸೋರುತ್ತಿತ್ತು, ಟೆಸ್ಟಿನಲ್ಲಿ ಕೆಂಪು ಬರುತ್ತಿತ್ತು. ಮರೆತವನನ್ನು ಹುಡುಕುವ ಬದಲು ಯಾರೋ ಇನ್ನೊಂದು ಕಡೆ ಒಂದು ಹೆಚ್ಚಿಗೆ ಇಳಿಸಿ ಲೆಕ್ಕ ಹೊಂದಿಸಿದ್ದರು. ಟೆಸ್ಟ್ ಹಸಿರಾಯಿತು, ಎಲ್ಲರೂ ಮನೆಗೆ ಹೋದರು. ಯಾರು ಅಂತ ಹೇಳುವುದಿಲ್ಲ. ಆ ಕಾಲಕ್ಕೆ ನಾನಿನ್ನೂ ಈ ತಂಡಕ್ಕೆ ಬಂದಿರಲಿಲ್ಲ, ಆದರೆ ಇಂಥ ಸಾಲನ್ನು ಬರೆಯದವರು ನಮ್ಮಲ್ಲಿ ಕಡಿಮೆ. ಹೊಸ ಕರ್ನಲ್‌ಗಳಲ್ಲಿ ಎಣಿಕೆ ಸೊನ್ನೆಗಿಂತ ಕೆಳಗೆ ಹೋದರೆ ಬೊಬ್ಬೆ ಹೊಡೆಯುವ ವ್ಯವಸ್ಥೆ ಇದೆ. ನಮ್ಮದು ಹಳೇ ಕೋಡು, ಬರಿಯ ಅಂಕಿ, ಬಾಯಿಲ್ಲದ್ದು.

ಮ್ಯಾನೇಜರ್‌ಗೆ ತೋರಿಸಿದೆ.

“ವರ್ಷಗಳಿಂದ ಎಲ್ಲಾ ಕಡೆ ಓಡ್ತಿದೆ ಅದು. ಫೇಲ್ ಆಗೋದನ್ನ ತೋರಿಸಿ, ಆಮೇಲೆ ಮಾತಾಡೋಣ.”

ತೋರಿಸಲು ಆಗಲಿಲ್ಲ, ನೋಡಿ! ಆಫೀಸಿನ ಮೇಜಿನ ಮೇಲೆ ಕೇಬಲ್ ಕಿತ್ತು ಹಾಕಿ, ಕಿತ್ತು ಹಾಕಿ ಉಗುರು ಸೀಳಿತು. ಪ್ರತಿಸಲ ‘ನಿಲ್ಲು’ ಅನ್ನುತ್ತಿತ್ತು. ಖಾಲಿ ಮಾಡಿದ ಮೆಮೊರಿಯನ್ನು ಮುಟ್ಟಿದರೆ ಹಿಡಿದುಕೊಡುವ ಡೀಬಗ್ ಕರ್ನಲ್ ಹಾಕಿದೆ. ಅದು ಎಷ್ಟು ನಿಧಾನವೆಂದರೆ ಪೆಟ್ಟಿಗೆ ತಾನೇ ಗಾಬರಿಯಾಗಿ ಪ್ರೆಸ್ಸಿನ ಸಂಪರ್ಕ ಕಡಿದುಕೊಂಡಿತು. ಮ್ಯಾನೇಜರ್ ಬಾಗಿಲಲ್ಲಿ ನಿಂತು, “ಅರಿಶಿನದ ರಿಪೋರ್ಟ್ ಎಲ್ಲಿ?” ಅನ್ನುತ್ತಿದ್ದರು.

ಕೊನೆಗೆ ಅದೇ ಹಳೇ ಕರ್ನಲ್ ಇಟ್ಟುಕೊಂಡು, ಎಣಿಕೆ ಏರಿಳಿದದ್ದನ್ನು ಮಾತ್ರ ದಾಖಲಿಸುವ ಸಣ್ಣ ಕೋಡ್ ಸೇರಿಸಿ ಮತ್ತೆ ಶೆಡ್ಡಿಗೆ ಹೋದೆ. ಪ್ರೆಸ್ಸಿನ ಪಕ್ಕ ಒಂದು ದೊಡ್ಡ ಬೂದುಗುಂಬಳ ಇತ್ತು. ಮಷೀನಿಗೆ ತಗುಲಿದ ದೃಷ್ಟಿ ತೆಗೆದು ಆಮೇಲೆ ಕೆಲಸ ಶುರು ಮಾಡಿ ಅಂತ ಮಾಲೀಕರು ಕಳಿಸಿದ್ದರು.

ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಹೊರಗೆ ಗದ್ದಲ. ಗೇಟಿನ ಕಾವಲುಗಾರ “ಅಹೋ, ಥಾಂಬಾ, ಥಾಂಬಾ!” ನಿಲ್ಲಿ ಅನ್ನುತ್ತಾ ಹಿಂದೆ ಹಿಂದೆ ಓಡಿಬರುತ್ತಿದ್ದ. ಮುಂದೆ ಒಬ್ಬ ಗಟ್ಟಿ ಆಳು, ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವವನು. ಕೈ ಕಳೆದುಕೊಂಡವನ ದೊಡ್ಡಣ್ಣ. ಮಾತಿಲ್ಲ, ಕತೆಯಿಲ್ಲ. ಸೀದಾ ಬಂದವನೇ ಆಪರೇಟರನ ಕುತ್ತಿಗೆ ಹಿಡಿದು ಪ್ರೆಸ್ಸಿನ ಹಾಸಿನ ಮೇಲೆ ಅವನ ಮುಖ ಅಪ್ಪಳಿಸಿದ. ಮೂಗಿನಿಂದ ರಕ್ತ ಚಿಮ್ಮಿ ಕಬ್ಬಿಣದ ಮೇಲೆ ಹರಿಯಿತು.

“ಇಡೋ ಕೈ! ನನ್ನ ತಮ್ಮ ಇಟ್ಟಲ್ಲೆ ನಿಂದೂ ಇಡು! ಏ ಫೋರ್ಮನ್, ಚಾಲೂ ಮಾಡೋ ಇದನ್ನ!”

ಅವನ ಕೈಯನ್ನು ತಿರುಚಿ ಅಚ್ಚಿನ ಕೆಳಗೆ ತಳ್ಳಿದ. ಫೋರ್ಮನ್ ಓಡಿಹೋಗಿ ಪ್ರೆಸ್ಸಿನ ಮೇನ್ ಸ್ವಿಚ್ ಕೆಳಗೆಳೆದರು. ನಾನು ಮಧ್ಯೆ ಹೋದೆ. ನನ್ನ ಕಪಾಳಕ್ಕೆ ಬಿದ್ದ ಏಟಿಗೆ ಕನ್ನಡಕ ಎಲ್ಲೋ ಹಾರಿತು. ನನಗೆಂದು ಹೊಡೆದದ್ದಲ್ಲ, ಆದರೂ ಕಿವಿಯಲ್ಲಿ ಗಂಟೆ ಬಾರಿಸಿದ ಹಾಗಾಯಿತು. ಆಪರೇಟರ್ ತಿರುಗಿ ಹೊಡೆಯಲಿಲ್ಲ. ರಕ್ತ ಉಗುಳಿ ಅಂದ:

“ಭಾವಾ, ನಿನ್ನ ಕಾಲಿಗೆ ಬೀಳ್ತೀನಿ. ನಾ ಏನ್ ಮಾಡೀನಿ ನೋಡು, ಆಮ್ಯಾಲ ಕೊಲ್ಲು. ಮೊದಲ ಈ ಚಿತ್ರದ ಪುಟ ತಗದೆ. ಯಾವ ಕಿರಣದ ಗಾಜು ಹೊಲಸಾಗ್ಯದ ಅಂತ ಇದರಾಗ ಕಾಣ್ತದ. ಇದನ್ನ ತಗದಿಟ್ಟs ವೈರ್ ಕಿತ್ತೆ. ಗಾಜು ಒರಸಿದೆ. ವೈರ್ ಹಾಕಿದೆ. ಎಲ್ಲಾ ಹಸರ ಆತು. ಆಮ್ಯಾಲ ಚಾಲೂ ಮಾಡೀನಿ. ಇಷ್ಟs!”

ನನ್ನ ಕಿವಿಯ ಗಂಟೆ ನಿಂತಿತು. ಪುಟ ತೆರೆದಿಟ್ಟೇ ಕಿತ್ತ!

ಆಫೀಸಿನಲ್ಲಿ ನಾವು ಪುಟ ತೆರೆದು ನೋಡಿ, ಮುಚ್ಚಿ, ಶಿಸ್ತಾಗಿ, ಆಮೇಲೆ ಕೇಬಲ್ ಕೀಳುತ್ತಿದ್ದೆವು. ಆಗ ಸ್ಕ್ರೀನಿನ ಪ್ರೋಗ್ರಾಂ ‘ಬಿಟ್ಟೆ’ ಅನ್ನಲು ಮರೆತಿರುತ್ತದೆ, ಹೆಚ್ಚುವರಿ ಇಳಿಕೆ ಅದನ್ನು ಸರಿದೂಗಿಸುತ್ತದೆ. ಪುಟ ತೆರೆದಿದ್ದಾಗ ಕಿತ್ತರೆ ಅದು ಮರೆಯುವುದಿಲ್ಲ. ಸರಿಯಾಗಿ ಬಿಡುತ್ತದೆ. ಆಗ ಹೆಚ್ಚುವರಿ ಇಳಿಕೆ ನುಂಗುವುದು ಕಾವಲು ಪ್ರೋಗ್ರಾಮಿನ ಪಾಲನ್ನು. ಅದು ಇನ್ನೂ ಓದುತ್ತಿರುವಾಗಲೇ ಅದರ ಜಾಗ ಬೇರೆಯವರ ಪಾಲಾಗುತ್ತದೆ. ಕೇಬಲ್ ಮತ್ತೆ ಹಾಕಿದಾಗ ಸ್ಕ್ರೀನಿಗೆ ಹೊಸ ಜಾಗ ಸಿಗುತ್ತದೆ, ಕಾವಲು ಮಾತ್ರ ಹಳೇ ಜಾಗವನ್ನೇ ಓದುತ್ತಿರುತ್ತದೆ.

ಮ್ಯಾನೇಜರ್‌ಗೆ ಫೋನ್ ಮಾಡಿದೆ.

“ಅಲ್ಲಿ ಹೊರಗಿನವರ ಮುಂದೆ ಏನೂ ರನ್ ಮಾಡ್ಬೇಡಿ! ಕೇಳಿಸ್ತಾ? ಪೆಟ್ಟಿಗೆ ಬಿಚ್ಕೊಂಡು ಆಫೀಸಿಗೆ ಬನ್ನಿ.”

ಕನ್ನಡಕ ಹುಡುಕಿ ಹಾಕಿಕೊಂಡು ಆಪರೇಟರನ ಮುಖ ನೋಡಿದೆ. ಆಫೀಸಿನ ಬಾಗಿಲು ಮುಚ್ಚಿಕೊಂಡು ನಾನು ಏನನ್ನೇ ಸಾಬೀತು ಮಾಡಿದರೂ ಈ ಮುಖಕ್ಕೆ ಅದರಿಂದ ಆಗುವುದೇನಿಲ್ಲ. ಫೋನ್ ಇಟ್ಟೆ.

“ಫೋರ್ಮನ್ ಅವ್ರೇ, ಆ ಕುಂಬಳಕಾಯಿ ಕೊಡಿ. ಒಂದು ಉದ್ದದ ಬಿದಿರೂ ಬೇಕು.” ದೊಡ್ಡಣ್ಣನ ಕಡೆ ತಿರುಗಿದೆ. “ನೀವು ಹೋಗ್ಬೇಡಿ. ಇಲ್ಲೇ ನಿಂತು ನೋಡಿ. ಹತ್ರ ಬರ್ಬೇಡಿ.”

ಫೋರ್ಮನ್ ಮೇನ್ ಸ್ವಿಚ್ ಮತ್ತೆ ಹಾಕಿದರು. ತಗಡಿನ ಮೇಲೆ ಕುಂಬಳಕಾಯಿ ಇಟ್ಟು ಬಿದಿರಿನಿಂದ ಒಳಗೆ ತಳ್ಳಬೇಕು. ಬಿದಿರು ಕಿರಣಕ್ಕೆ ಅಡ್ಡ ಇರುವವರೆಗೆ ಅಚ್ಚು ಇಳಿಯಕೂಡದು. ಆಪರೇಟರ್ ಪುಟ ತೆರೆದ, ವೈರ್ ಕಿತ್ತ, ಒರೆಸಿದ, ಹಾಕಿದ, ಚಾಲೂ ಮಾಡಿದ. ಫೋರ್ಮನ್ ತಳ್ಳಿದರು. ಅಚ್ಚು ಇಳಿಯಲಿಲ್ಲ. ಮತ್ತೆ. ಇಳಿಯಲಿಲ್ಲ. ಖಾಲಿಯಾದ ಜಾಗಕ್ಕೆ ಯಾರು ಬಂದು ಕೂರುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಅಲ್ಲಿ ಸೊನ್ನೆ ಇದ್ದರೆ ಪ್ರೆಸ್ ನಿಲ್ಲುತ್ತದೆ. ಬೇರೆ ಏನೇ ಇದ್ದರೂ ಕಾವಲು ಪ್ರೋಗ್ರಾಮಿಗೆ ಅದು ‘ಕೈ ಇಲ್ಲ’.

“ಕಾಯಿಪಲ್ಯಾ ಇಟ್ಕೊಂಡು ಆಟ ಆಡಾಕತ್ತೀರೇನು?” ದೊಡ್ಡಣ್ಣ ತೋಳು ಮಡಿಚಿದ. “ಮುಗೀಲಿ ನಿಮ್ಮ ಜಾತ್ರಿ. ಇವನ್ನ ನಾ ನೋಡ್ಕೋತೀನಿ.”

ಮತ್ತೊಮ್ಮೆ ಕಿತ್ತ, ಒರೆಸಿದ, ಹಾಕಿದ. ಫೋರ್ಮನ್ ತಳ್ಳಿದರು.

ಧಡ್!

ನೆಲ ಹಾರಿತು. ಬಿದಿರು ಸೀಳಿ ಫೋರ್ಮನ್ನರ ಕೈಯಿಂದ ಕಿತ್ತುಕೊಂಡು ಹೋಯಿತು. ಕುಂಬಳಕಾಯಿಯ ತಿರುಳು, ಬೀಜ, ನೀರು ನಾಲ್ಕು ದಿಕ್ಕಿಗೆ ಸಿಡಿದು ನಮ್ಮ ಮುಖಕ್ಕೆ, ಗೋಡೆಗೆ, ದೀಪಕ್ಕೆ ಬಡಿಯಿತು. ಅಚ್ಚು ಮೇಲೆದ್ದಾಗ ಹಾಸಿನ ಮೇಲೆ ತೆಳ್ಳನೆಯ ಬಿಳಿ ಹಾಳೆಯಂಥದ್ದು ಏನೋ ಉಳಿದಿತ್ತು. ಸ್ಕ್ರೀನಿನ ಚಿತ್ರದಲ್ಲಿ ಕಿರಣಗಳು ಕೆಂಪಗಿದ್ದವು. ಚಿತ್ರ ನಿಜ ಹೇಳುತ್ತಿತ್ತು, ಕಾವಲು ಸುಳ್ಳು ಓದಿತ್ತು.

ದೊಡ್ಡಣ್ಣ ಕೆನ್ನೆ ಮೇಲಿನ ತಿರುಳನ್ನು ಒರೆಸಿಕೊಂಡು ಬೆರಳು ನೋಡಿದ. ಅವನಿಗೆ ಆ ಹೊತ್ತು ಕಂಡದ್ದು ಕುಂಬಳಕಾಯಿಯಲ್ಲ ಅನ್ನಿಸುತ್ತದೆ.

ನಾನು ತಡ ಮಾಡದೆ ಕರ್ನಲನ್ನು ಬೇಕೆಂದೇ ಕೆಡವಿದೆ. ಹಾಗೆ ಕೆಡವಿದರೆ ಅದು ಸಾಯುವ ಮೊದಲು ತನ್ನ ಮೆಮೊರಿಯನ್ನೆಲ್ಲ ಪೆನ್‌ಡ್ರೈವಿಗೆ ಬರೆಯುತ್ತದೆ. ಆ ಜಾಗದಲ್ಲಿ ಯಾರು ಕೂತಿದ್ದರು ಅನ್ನುವುದಕ್ಕೆ ಅದೊಂದೇ ಸಾಕ್ಷಿ. ಬರೆಯಲು ಹೊತ್ತು ಹಿಡಿಯುತ್ತದೆ.

“ಅಂದ್ರ ಈ ಡಬ್ಬಿ! ಈ ಡಬ್ಬಿ ನನ್ನ ತಮ್ಮನ ಕೈ ತಿಂದದ!” ದೊಡ್ಡಣ್ಣ ಗೋಡೆಗೊರಗಿಸಿದ್ದ ಕಬ್ಬಿಣದ ಹಾರೆ ಎತ್ತಿಕೊಂಡ.

“ಬೇಡ! ಇನ್ನೂ ಮುಗಿದಿಲ್ಲ!” ಅಂತ ಚೀರಿದೆ.

ಪೆಟ್ಟಿಗೆಗೂ ಹಾರೆಗೂ ನಡುವೆ ಬಂದವನು ಆಪರೇಟರ್. ಭಾವನ ಸೊಂಟಕ್ಕೆ ಜೋತುಬಿದ್ದ. ಹಾರೆ ಅವನ ಭುಜಕ್ಕೆ ಬಿತ್ತು. ಲಟ್ ಅಂದದ್ದು ನನಗೂ ಕೇಳಿಸಿತು. ಬಿಡಲಿಲ್ಲ. ಇನ್ನೊಂದು ಬೆನ್ನಿಗೆ ಬಿತ್ತು. ಬಿಡಲಿಲ್ಲ.

“ಆತೇನ್ರಿ ಅಕ್ಕಾರ?”

“ಇನ್ನೂ ಇಲ್ಲ!”

“ಆತೇನ್ರಿ?”

“ಇನ್ನೊಂಚೂರು... ಹಿಡ್ಕೊಳ್ಳಿ... ಆಯ್ತು! ಆಯ್ತು, ಬಿಡಿ!”

ಪೆನ್‌ಡ್ರೈವ್ ಕಿತ್ತುಕೊಂಡು ಪಕ್ಕಕ್ಕೆ ಹಾರಿದೆ. ಆಪರೇಟರ್ ಕೈ ಬಿಟ್ಟು ಕುಸಿದ. ದೊಡ್ಡಣ್ಣ ನಮ್ಮ ಪೆಟ್ಟಿಗೆಯನ್ನು ಪುಡಿ ಪುಡಿ ಮಾಡಿದ. ಯಾರೂ ತಡೆಯಲಿಲ್ಲ. ಕೊನೆಗೆ ಹಾರೆ ಬಿಸಾಕಿ, ಅದೇ ಪೆಟ್ಟಿಗೆಯ ಚೂರುಗಳ ಮೇಲೆ ಕೂತು, ದೊಡ್ಡ ಮೈಯವನು ಚಿಕ್ಕ ದನಿಯಲ್ಲಿ ಅತ್ತ.

ಆಪರೇಟರ್ ಭುಜ ಹಿಡಿದುಕೊಂಡು ನನ್ನನ್ನು ಕೇಳಿದ: “ಖರೇ ಹೇಳ್ರಿ. ನಾ ವೈರ್ ಕಿತ್ತಿದ್ದಕ್ಕs ಆತಲ್ರಿ?”

ಸುಳ್ಳು ಹೇಳಬಹುದಿತ್ತು. ಕಂಬದ ಮೇಲೆ ನಮ್ಮ ಕಂಪನಿ ಅಂಟಿಸಿದ ಚೀಟಿ ತೋರಿಸಿದೆ. ಒರೆಸುವ ಮುನ್ನ ಕೇಬಲ್ ತೆಗೆಯಿರಿ ಅಂತ ಮರಾಠಿಯಲ್ಲೂ ಹಿಂದಿಯಲ್ಲೂ ಬರೆದಿತ್ತು. ಅದರ ಮೇಲೆ, ಕಂಬದ ತುದಿಯಲ್ಲಿ, ಒಂದು ಬೊಟ್ಟು ಭಂಡಾರ.

“ಕಿತ್ತಾಗಲೇ ಆಗಿದ್ದು, ಹೌದು. ಆದ್ರೆ ಕೀಳಿ ಅಂದೋರು ನಾವು. ಕಿತ್ತಾಗ ನಿಲ್ಲೋ ಹಾಗೆ ಮಾಡ್ಬೇಕಾದೋರೂ ನಾವೇ.”

ರಿಪೋರ್ಟ್ ಬರೆದೆ. ಅರಿಶಿನ ಅನ್ನುವ ಪದ ಅದರಲ್ಲಿ ಇರಲಿಲ್ಲ. ಕೋಡಿನಿಂದ ಆ ಹೆಚ್ಚುವರಿ ಸಾಲನ್ನು ಅವತ್ತೇ ತೆಗೆದೆ. ಮ್ಯಾನೇಜರ್ ಮೇಜು ಗುದ್ದಿದರು.

“ಆ ಸಾಲು ತೆಗೆದ್ರೆ ಮೆಮೊರಿ ಮತ್ತೆ ಲೀಕ್ ಆಗುತ್ತೆ! ಲೀಕ್ ಇಟ್ಕೊಂಡು ರಿಲೀಸ್ ಮಾಡೋಕೆ ಆಗುತ್ತಾ?”

“ಆಗುತ್ತೆ ಸರ್. ಲೀಕ್ ಆದ್ರೆ ಪೆಟ್ಟಿಗೆ ಯಾವತ್ತೋ ಸುಸ್ತಾಗಿ ನಿಲ್ಲುತ್ತೆ, ಅಷ್ಟೇ. ಸ್ಕ್ರೀನ್ ಪ್ರೋಗ್ರಾಂ ಸರಿ ಮಾಡಿ ಟೆಸ್ಟ್ ಮುಗಿಸೋವರೆಗೂ ಸೋರ್ಲಿ. ಇಲ್ಲಾಂದ್ರೆ ಆ ವಿಡಿಯೋ ಇನ್ನೊಂದ್ಸಲ ನೋಡೋಣ ಬನ್ನಿ.”

ಅವರು ನೋಡಲು ಒಪ್ಪಲಿಲ್ಲ. ರಿಲೀಸಿಗೆ ಒಪ್ಪಿದರು. ಸುಟ್ಟ ರಿಲೇ ಬದಲಿಸದ ಯಾವ ಪ್ರೆಸ್ಸಿಗೂ ನಮ್ಮ ಪೆಟ್ಟಿಗೆ ಕೂರಿಸುವುದಿಲ್ಲ ಅನ್ನುವುದಕ್ಕೂ, ಜಗಳದ ಮೇಲೆ, ಒಪ್ಪಿದರು.

ಆಮೇಲೆ ಆಪರೇಟರನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಅವನ ಭುಜ ಪಟ್ಟಿಯಲ್ಲಿತ್ತು. ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟ, ಒಳಗೆ ಬರಲಿಲ್ಲ. ದೊಡ್ಡಣ್ಣ ತಮ್ಮನ ಮಂಚದ ಪಕ್ಕ ಕೂತಿದ್ದ, ನನ್ನ ಕಡೆ ನೋಡಲಿಲ್ಲ. ಕೈ ಇಲ್ಲದವನು ಎಲ್ಲ ಕೇಳಿಸಿಕೊಂಡ. ಆಮೇಲೆ ಒಂದೇ ಮಾತು ಕೇಳಿದ.

“ಅದು ನನ್ನ ಕೈ ನೋಡ್ತಿದ್ದಿಲ್ಲ, ಖರೆ. ಮತ್ತ ಏನ್ ನೋಡ್ತಿತ್ತರಿ ಅಕ್ಕಾರ?”

“ನಿನ್ನ ದಿನದ್ದು ಅಳಿಸಿಹೋಯ್ತಪ್ಪ, ಗೊತ್ತಿಲ್ಲ. ಕುಂಬಳಕಾಯಿ ದಿನದ್ದು ಸಿಕ್ತು. ಆ ಜಾಗದಲ್ಲಿ ಸ್ಕ್ರೀನಿನ ಮೂಲೇಲಿ ಬರೋ ಗಡಿಯಾರ ಕೂತಿತ್ತು.”

“ಗಡಿಯಾರ?”

“ಹ್ಞೂಂ.”

ಪಟ್ಟಿ ಸುತ್ತಿದ ತೋಳನ್ನು ಎದೆ ಮೇಲೆ ಎಳೆದುಕೊಂಡು ಛಾವಣಿ ನೋಡಿದ. “ಟೈಮ್ ನೋಡ್ಕೋತ ಕುಂತಿತ್ತಾ ಸೂಳೇಮಗಂದು,” ಅಂದ. ಆಮೇಲೆ ಬಾಗಿಲ ಕಡೆ ಕತ್ತು ತಿರುಗಿಸಿದ. “ಅಣ್ಣಾ, ಹೊರಗ ಮಾಮಾ ನಿಂತಾನಲ್ಲ. ಒಳಗ ಕರಿ.”

ದೊಡ್ಡಣ್ಣ ಎದ್ದುಹೋಗಿ, ಆಪರೇಟರನ ಪೆಟ್ಟಾಗದ ತೋಳನ್ನು ಹಿಡಿದು ಒಳಗೆ ಕರೆತಂದ. ತಾನು ಕೂತಿದ್ದ ಸ್ಟೂಲಿನ ಮೇಲೆ ಅವನನ್ನು ಕೂರಿಸಿದ. ನಾನು ಹೊರಗೆ ಬಂದೆ.

ಈಗ ನಿಮ್ಮ ಸರದಿ. ಲೆಕ್ಕ ಹೊಂದಲೆಂದು ನೀವೋ ನಿಮ್ಮ ಪಕ್ಕದವರೋ ಎಲ್ಲೋ ಒಂದು ಸಾಲು ತುರುಕಿರುತ್ತೀರಿ. ಕೋಡಿನಲ್ಲೇ ಆಗಬೇಕೆಂದಿಲ್ಲ, ಸುಟ್ಟ ರಿಲೇಗೆ ಸುತ್ತಿದ ತಂತಿಯೂ ಅದೇ ಜಾತಿ. ಅದು ಯಾರ ಮೇಲೆ ಬಿತ್ತು, ಬೀಳುವ ಮೊದಲೇ ಹಿಡಿದಿರಾ, ಹಿಡಿದವರು ಯಾರು? ಕೆಳಗೆ ಬರೆಯಿರಿ. ಕಂಪನಿ ಹೆಸರು ಬೇಡ, ಆದದ್ದನ್ನು ಬರೆಯಿರಿ. ನಾನು ಒಂದೊಂದನ್ನೂ ಓದುತ್ತೇನೆ.